ಯಾಯಾ ಬೇಡವೆಂದ ಹೆಸರು

ಮನುಷ್ಯ ಕೈಗೊಳ್ಳುವ ಪ್ರತಿಯೊಂದು ಪ್ರಯಾಣವೂ ಅವನ ಅಹಂಕಾರವನ್ನು ತುಸು ತುಸುವಾಗಿ ಕರಗಿಸಿ, ಕೊನೆಗೆ ಅವನನ್ನು ವಿಶ್ವದ ಮುಂದೆ ವಿನಮ್ರನಾಗಿ ನಿಲ್ಲಿಸುತ್ತದೆ. ನನ್ನ ವಿಷಯದಲ್ಲಿ ಆ ಕೆಲಸಕ್ಕೆ ವಿಶ್ವದ ಅಗತ್ಯ ಬೀಳಲಿಲ್ಲ. ಬೇಯಿಸಿದ ಗೋಧಿ ತುಂಬಿದ ಒಂದು ಪರಾತದಲ್ಲೇ ಕೆಲಸ ಮುಗಿಯಿತು. ಡಲ್ಲಾಸಿನ ಉತ್ತರಕ್ಕೆ ಅಂಟಿಕೊಂಡಿರುವ ರಿಚರ್ಡ್‌ಸನ್‌ನಿಂದ ಹ್ಯೂಸ್ಟನ್‌ವರೆಗೆ, ಹೆಚ್ಚುಕಡಿಮೆ ಇನ್ನೂರೈವತ್ತು ಮೈಲಿ, ಆ ಪರಾತವನ್ನು ತೊಡೆಯ ಮೇಲಿಟ್ಟುಕೊಂಡು ಕದಲದೆ ಕೂತಿರಬೇಕೆಂದು ನನಗೆ ಆಜ್ಞೆಯಾಗಿತ್ತು.

ಆಜ್ಞೆ ಮಾಡಿದವರು ಯಾಯಾ. ಗ್ರೀಕ್ ಭಾಷೆಯಲ್ಲಿ ಯಾಯಾ ಎಂದರೆ ಅಜ್ಜಿ. ಎಂಬತ್ತಮೂರು ವರ್ಷ, ನನ್ನ ಎದೆಯವರೆಗಿನ ಎತ್ತರ, ಮೈಮೇಲೆ ಸದಾ ಕಪ್ಪು ಬಟ್ಟೆ. ರಿಚರ್ಡ್‌ಸನ್‌ನಲ್ಲಿ ನನ್ನ ತಂಗಿ ಸುಶೀಲಾಳ ಪಕ್ಕದ ಮನೆಯವರು. ಸುಶೀಲಾ ಪ್ಲೇನೋದಲ್ಲಿ ಸಿಹಿತಿಂಡಿ ಮತ್ತು ಕೇಕಿನ ಅಂಗಡಿ ನಡೆಸುತ್ತಾಳೆ. ಹುಗ್ಗಿ ಮಾಡುವ ನಮ್ಮ ಕಡೆಯ ಜನರಿಗಾಗಿ ಅಲ್ಲಿ ಕುಟ್ಟಿದ ಗೋಧಿಯನ್ನೂ ಇಟ್ಟಿದ್ದಾಳೆ. ಆ ಗೋಧಿಯನ್ನು ಹುಡುಕಿಕೊಂಡೇ ಯಾಯಾ ಮೊದಲ ಸಲ ಅಂಗಡಿಗೆ ಬಂದದ್ದಂತೆ. ನಾವು ಮದುವೆಗೆ ಬೆಲ್ಲ ಹಾಕಿ ಹುಗ್ಗಿ ಮಾಡುವ ಗೋಧಿಯನ್ನು ಅವರು ಸತ್ತವರ ಹೆಸರಿನಲ್ಲಿ ಬೇಯಿಸಿ, ದಾಳಿಂಬೆ, ಬಾದಾಮಿ, ಒಣದ್ರಾಕ್ಷಿ ಸೇರಿಸಿ, ಮೇಲೆ ಸಕ್ಕರೆ ಪುಡಿ ಹಾಸಿ, ಸಮಾಧಿಯ ಎದುರು ಹಂಚುತ್ತಾರೆ. ಕೋಲಿವಾ ಎಂದು ಅದರ ಹೆಸರು.

ನಾನು ಹುಬ್ಬಳ್ಳಿಯ ರೈಲ್ವೆ ಕಚೇರಿಯ ವೇಳಾಪಟ್ಟಿ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತನಾದವನು. ತಂಗಿಯ ಮನೆಗೆ ಎರಡು ತಿಂಗಳ ಮಟ್ಟಿಗೆ ಬಂದಿದ್ದೆ. ಅದು ಎರಡನೆಯ ವಾರ. ದೇಹ ಟೆಕ್ಸಾಸಿಗೆ ಬಂದಿತ್ತು, ನಿದ್ದೆ ಇನ್ನೂ ಹುಬ್ಬಳ್ಳಿಯಲ್ಲೇ ಇತ್ತು.

ಪ್ರಯಾಣದ ಯೋಜನೆ ಹೀಗಿತ್ತು. ಶುಕ್ರವಾರ ಹ್ಯೂಸ್ಟನ್. ಶನಿವಾರ ಬೆಳಿಗ್ಗೆ ಅಲ್ಲಿ ಯಾಯಾ ಮನೆಯವರ ಸಮಾಧಿಗಳ ಮುಂದೆ ಪ್ರಾರ್ಥನೆ. ಮಧ್ಯಾಹ್ನ ಆಸ್ಟಿನ್‌ಗೆ ಹೊರಟು ಮೊಮ್ಮಗ ನಿಕೋನ ಮನೆ. ಭಾನುವಾರ ನಿಕೋನ ಮಗಳಿಗೆ ದೀಕ್ಷಾಸ್ನಾನ, ಅಂದರೆ ನಮ್ಮ ಲೆಕ್ಕದಲ್ಲಿ ನಾಮಕರಣವೂ ಹೌದು. ಸೋಮವಾರ ವಾಪಸು. ಸುಶೀಲಾ ಡ್ರೈವರ್. ಮುಂದಿನ ಸೀಟಿನಲ್ಲಿ ಯಾಯಾ. ಡಿಕ್ಕಿಯಲ್ಲಿ, ಮಂಜುಗಡ್ಡೆಯ ಪೆಟ್ಟಿಗೆಯೊಳಗೆ, ಸುಶೀಲಾ ಮಾಡಿದ ಇನ್ನೂ ಹೆಸರು ಬರೆಯದ ಕೇಕು. ಹಿಂದೆ ನಾನು ಮತ್ತು ಗೋಧಿ.

"ಮಿಸ್ಟರ್ ರೈಲ್ವೇ, ಪರಾತ ವಾರಿ ಮಾಡಬ್ಯಾಡ್ರಿ. ಮ್ಯಾಲೆ ಸಕ್ಕರಿ ಶಿಲುಬಿ ಐತಿ," ಎಂದರು ಯಾಯಾ. ಅವರು ಆಡುವುದು ಇಂಗ್ಲಿಷ್. ಆದರೆ ಅರವತ್ತನಾಲ್ಕು ವರ್ಷ ಟೆಕ್ಸಾಸಿನಲ್ಲಿ ಕಾಯಿಸಿ ಬಡಿದ ಆ ಇಂಗ್ಲಿಷನ್ನು ಕನ್ನಡಕ್ಕೆ ತರಲು ಹೋದರೆ ಅದು ತಾನಾಗಿಯೇ ಹುಬ್ಬಳ್ಳಿಯ ಮಾತಾಗಿಬಿಡುತ್ತದೆ. ನಾನು ತಡೆಯಲು ಹೋಗಿಲ್ಲ.

"ಇಲ್ರಿ ಯಾಯಾ, ವಾರಿ ಮಾಡಂಗಿಲ್ಲ."

"ಸೀನು ಬಂದ್ರ?"

"ತಡಕೋತೀನ್ರಿ."

"ಚಿಂತಿ ಮಾಡಬ್ಯಾಡ್ರಿ ಯಾಯಾ," ಎಂದಳು ಸುಶೀಲಾ. "ನಮ್ಮಣ್ಣ ಮೂವತ್ತಾರು ವರ್ಷ ಸರಕಾರಿ ಕುರ್ಚಿ ಮ್ಯಾಲೆ ಕದಲದ ಕುಂತಾನ. ಅನುಭವ ಐತಿ."

ಎಂಟಕ್ಕೆ ಹೊರಡಬೇಕಾದ ಕಾರು ಎಂಟೂ ಹತ್ತಕ್ಕೆ ಹೊರಟಿತು. ಮರಿಯ ಮಾತೆಯ ಪಟಕ್ಕೆ ಹೋಗಿಬರುತ್ತೇನೆಂದು ಹೇಳಲು ಮರೆತಿದ್ದ ಯಾಯಾ ಮತ್ತೆ ಮನೆಯೊಳಗೆ ಹೋದರು. ಮಾತು ತುಸು ಉದ್ದವಾಯಿತು.

ಡಲ್ಲಾಸ್ ದಾಟುವ ಮೊದಲೇ ಕಾರಿನೊಳಗೆ ಊಟಿ ಬಂದಿತ್ತು. ಸುಶೀಲಾ ಫೋನಿನಲ್ಲಿ ಅಂಗಡಿಯವರಿಗೆ ಪೇಡೆಯ ಬಗ್ಗೆ ಉಪದೇಶ ಮಾಡುತ್ತಿದ್ದಳು. ಯಾಯಾ ಶಾಲನ್ನು ಕಿವಿಯವರೆಗೆ ಎಳೆದುಕೊಂಡದ್ದು ಹಿಂದಿನಿಂದ ಕಂಡಿತು.

"ಎ.ಸಿ. ಕಡಿಮಿ ಮಾಡಸ್ಲೇನ್ರಿ?" ಎಂದೆ.

"ನೇ," ಎಂದರು ಯಾಯಾ.

ಹುಬ್ಬಳ್ಳಿಯ ಬಜಾರಿನ ಹಿಂದಿಯಲ್ಲಿ 'ನೈ' ಎಂದರೆ 'ಬೇಡ' ಎಂಬುದು ಎಳೆಗೂಸಿಗೂ ಗೊತ್ತು. ತಂಗಿಯ ಸಹವಾಸದಲ್ಲಿ ಅಜ್ಜಿಗೆ ನಾಲ್ಕು ಹಿಂದಿ ಶಬ್ದ ಬಂದಿವೆಯೆಂದು ನಾನು ಒಳಗೊಳಗೇ ಸಂತೋಷಪಟ್ಟೆ. ಬೇಡವೆಂದವರನ್ನು ಒತ್ತಾಯಿಸುವುದು ಸಭ್ಯತೆಯಲ್ಲ. ಕೊರ್ಸಿಕಾನಾ ಎಂಬ ಊರಿನವರೆಗೆ, ಸುಮಾರು ಒಂದು ತಾಸು, ಯಾಯಾ ನಡುಗುತ್ತಲೇ ಬಂದರು. ಗ್ರೀಕಿನಲ್ಲಿ 'ನೇ' ಎಂದರೆ 'ಹೌದು' ಎಂಬುದು ನನಗೆ ತಿಳಿದದ್ದು ಭಾನುವಾರ ಬೆಳಿಗ್ಗೆ. ಓದುಗರಿಗೆ ಈಗಲೇ ತಿಳಿದಿರುವುದು ಒಳ್ಳೆಯದು.

ಕೊರ್ಸಿಕಾನಾ ದಾಟಿದ ಮೇಲೆ ದಾರಿ ನೇರವಾಯಿತು. ಎಷ್ಟು ನೇರ ಎಂದರೆ ಕಾರು ಓಡುತ್ತಿದೆಯೋ, ನಾವು ನಿಂತಿದ್ದು ಭೂಮಿಯೇ ಹಿಂದಕ್ಕೆ ಸುತ್ತಿಕೊಳ್ಳುತ್ತಿದೆಯೋ ಹೇಳುವಂತಿರಲಿಲ್ಲ. ಏಪ್ರಿಲ್ ತಿಂಗಳು. ಹೆದ್ದಾರಿಯ ಇಕ್ಕೆಲದ ಹುಲ್ಲಿನಲ್ಲಿ ನೀಲಿ ಹೂವು ಹರಡಿತ್ತು. ಯಾರೋ ಆಕಾಶವನ್ನು ತೊಳೆದು ಒಣಗಲು ಹಾಕಿ ಮರೆತು ಹೋದಂತೆ. ನಾನು ಕಣ್ಣು ಮುಚ್ಚಿದರೆ ಹುಬ್ಬಳ್ಳಿಯ ಪ್ಲಾಟ್‌ಫಾರ್ಮು, ತೆರೆದರೆ ನೀಲಿ ಹೂವು. ಜಗತ್ತಿನಲ್ಲೇ ಅತಿ ಉದ್ದದ ನಮ್ಮ ಪ್ಲಾಟ್‌ಫಾರ್ಮಿನ ಮೇಲೆ ನಾನು ನಡೆಯುತ್ತಲೇ ಇದ್ದೆ, ಅದು ಮುಗಿಯುತ್ತಲೇ ಇರಲಿಲ್ಲ, ಕೈಯಲ್ಲಿ ಪರಾತ ಮಾತ್ರ ನಿಜವಾಗಿ ಭಾರವಿತ್ತು. ಆ ಎಚ್ಚರ ನಿದ್ದೆಗಳ ನಡುವೆ ಯಾಯಾ ಧ್ವನಿ ಬಂದು ಹೋಗುತ್ತಿತ್ತು, ದೂರದ ಮನೆಯ ರೇಡಿಯೋದಂತೆ.

ಹೀಗೆ ತುಣುಕು ತುಣುಕಾಗಿ ಕೇಳಿದ ಅವರ ಕತೆ ಇಷ್ಟು. ಹುಟ್ಟಿದ್ದು ಗ್ರೀಸಿನ ಒಂದು ಗುಡ್ಡದ ಹಳ್ಳಿ. ಆಡುಗಳು, ಅಕ್ರೋಟಿನ ಮರಗಳು. ಹತ್ತೊಂಬತ್ತಕ್ಕೆ ಒಂದು ಫೋಟೋ ನೋಡಿ ಮದುವೆಗೆ ಒಪ್ಪಿ ಹಡಗು ಹತ್ತಿದರು. ಹ್ಯೂಸ್ಟನ್ ಬಂದರಿನ ಹತ್ತಿರ ಗಂಡ ಥನಾಸಿಸ್‌ನ ಚಿಕ್ಕ ಹೋಟೆಲು. ಫೋಟೋದಲ್ಲಿದ್ದ ತಲೆಗೂದಲು ಆತನ ತಲೆಯ ಮೇಲಿರಲಿಲ್ಲ, ಉಳಿದದ್ದೆಲ್ಲ ಸರಿಯಿತ್ತು. ಸ್ತಮಾತಿಯಾ ಎಂಬ ಹೆಸರು ಗಿರಾಕಿಗಳ ನಾಲಿಗೆಗೆ ಒಗ್ಗದ್ದರಿಂದ ಏಪ್ರನ್ನಿನ ಮೇಲೆ 'ಟೀನಾ' ಎಂದು ಹೊಲಿಸಿದರು. ಒಬ್ಬಳೇ ಮಗಳು. ಆ ಮಗಳೂ ಅಳಿಯನೂ ಒಂದೇ ರಸ್ತೆ ಅಪಘಾತದಲ್ಲಿ ಹೋದಾಗ ಮೊಮ್ಮಗ ನಿಕೋಗೆ ಮೂರು ವರ್ಷ. ಐವತ್ತು ದಾಟಿದ ಯಾಯಾ ಮತ್ತೆ ಮಗುವಿಗೆ ತುತ್ತು ಉಣ್ಣಿಸಲು ಕೂತರು. ಹುಡುಗ ಓದಲು ರಿಚರ್ಡ್‌ಸನ್‌ಗೆ ಬಂದಾಗ, ಅಷ್ಟರಲ್ಲಿ ಗಂಡನೂ ತೀರಿದ್ದರಿಂದ, ಅವನಿಗೆ ಅಡುಗೆ ಮಾಡಿಹಾಕಲು ಜೊತೆಗೆ ಬಂದರು. ಓದು ಮುಗಿಸಿ ಅವನು ಆಸ್ಟಿನ್‌ಗೆ ಶಿಫ್ಟ್ ಆದ. ಇವರು ಹೋಗಲಿಲ್ಲ. ಆ ವರ್ಷ ಟೊಮೆಟೊ ಗಿಡ ಹೂಬಿಟ್ಟಿದ್ದವು ಎಂಬುದು ಅವರು ಕೊಡುವ ಕಾರಣ.

ಇಷ್ಟೆಲ್ಲ ಹೇಳುವಾಗಲೂ ದಾರಿಯ ಪ್ರತಿ ಚರ್ಚಿಗೆ ಎದೆಯ ಮೇಲೆ ಶಿಲುಬೆ ಗುರುತು ಹಾಕುತ್ತಿದ್ದರು. ಟೆಕ್ಸಾಸಿನಲ್ಲಿ ಚರ್ಚಿಗೆ ಬರವಿಲ್ಲ, ಕೈಗೆ ಬಿಡುವಿರಲಿಲ್ಲ.

"ಇವು ನಿಮ್ಮ ಪಂಥದ್ದ ಏನ್ರಿ ಎಲ್ಲಾ?" ಎಂದೆ.

"ಒಂದೂ ಅಲ್ಲ. ಆದ್ರ ಒಳಗ ಯಾರೋ ಇರ್ತಾರಲ್ಲ."

ಮಧ್ಯಾಹ್ನ ರಸ್ತೆಬದಿಯ ವಿಶ್ರಾಂತಿ ತಾಣದಲ್ಲಿ ಕಾರು ನಿಂತಿತು. ಶುಕ್ರವಾರವಾದ್ದರಿಂದ ಯಾಯಾಗೆ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ನಿಷೇಧ. ಸುಶೀಲಾ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದಳು. ಯಾಯಾ ಪ್ರಾರ್ಥಿಸಿ, ಮೂರು ರೊಟ್ಟಿ ಮುಗಿಸಿ, ಇದು ಉಪವಾಸ ಎನ್ನಿಸಿಕೊಳ್ಳಲು ಸಾಧ್ಯವೇ ಎಂದು ಒಂದು ಕ್ಷಣ ಅನುಮಾನಿಸಿ, ನಾಲ್ಕನೆಯದಕ್ಕೆ ಕೈಹಾಕಿದರು.

ಮತ್ತೆ ಹೊರಟಾಗ ಸುಶೀಲಾ ಖುಷಿಯಲ್ಲಿದ್ದಳು. "ಅಣ್ಣಾ, ಗೊತ್ತೇನು? ನಿಕೋ ಕೂಸಿಗೆ ಯಾಯಾಂದ ಹೆಸರು ಇಡಾಕತ್ಯಾನ. ನಮ್ಮಂಗ ಇವರಲ್ಲೂ ಅಜ್ಜಿ ಹೆಸರು ಇಡ್ತಾರ. ಕೇಕಿನ ಮ್ಯಾಲೆ ಸ್ತಮಾತಿಯಾ ಅಂತ ಬರೀಬೇಕು ನಾ."

"ನಾ ಬ್ಯಾಡ ಅಂದೀನಿ," ಎಂದರು ಯಾಯಾ. "ಮೂರ್ ಸಲ ಅಂದೀನಿ. ಹುಡುಗ ಕೇಳವಲ್ಲ."

"ನಾಚಿಕಿ ಅವರಿಗೆ," ಎಂದು ಸುಶೀಲಾ ನಕ್ಕಳು.

ಹೆಸರು ಕಿವಿಗೆ ಬಿದ್ದೊಡನೆ ಅರ್ಥ ಕೇಳುವುದು ನಮ್ಮ ದೇಶದ ಜನರಿಗೆ ಅಂಟಿದ ರೋಗ. ನಾನೂ ಕೇಳಿದೆ. "ಸ್ತಮಾತಿಯಾ ಅಂದ್ರ ಏನ್ರಿ ಯಾಯಾ ಅರ್ಥ?"

ಯಾಯಾ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. "ಅರವತ್ನಾಕು ವರ್ಷ ಆತು ಈ ದೇಶಕ್ಕ ಬಂದು. ಒಬ್ರೂ ಕೇಳಿಲ್ಲ ಅದನ್ನ."

ಆಮೇಲೆ ಕಿಟಕಿಯ ಕಡೆಗೆ ಮುಖ ಮಾಡಿಕೊಂಡು ಹ್ಯೂಸ್ಟನ್ ಬರುವವರೆಗೆ ಹೊರಗೇ ನೋಡುತ್ತ ಕೂತರು. ಹಂಟ್ಸ್‌ವಿಲ್ ಹತ್ತಿರ ಎತ್ತರದ ಪೈನ್ ಮರಗಳು ಬಂದವು; ಅವುಗಳ ನೆರಳು ಒಂದೊಂದಾಗಿ ಅವರ ಕೆನ್ನೆಯ ಮೇಲಿಂದ ಹಾದು ಹೋಗುತ್ತಿತ್ತು. ಸುಶೀಲಾ ಕನ್ನಡಿಯಲ್ಲಿ ನನ್ನನ್ನು ದುರುಗುಟ್ಟಿದಳು. ನಾನು ಗೋಧಿಯನ್ನು ನೋಡಿದೆ.

ಹ್ಯೂಸ್ಟನ್‌ನಲ್ಲಿ ಗಾಳಿ ಒದ್ದೆ ಪಂಚೆಯಂತೆ ಮೈಗೆ ಅಂಟಿತು. ಒಂದು ಸಾಧಾರಣ ಮೋಟೆಲ್ಲಿನಲ್ಲಿ ಎರಡು ಕೋಣೆ ಹಿಡಿದೆವು. ಯಾಯಾ ಮರಿಯ ಮಾತೆಯ ಚಿಕ್ಕ ಪಟವನ್ನು ಟೀವಿಯ ಪಕ್ಕದಲ್ಲಿಟ್ಟರು. ಎಣ್ಣೆ ದೀಪ ಹಚ್ಚಿದರೆ ಹೊಗೆಯ ಗಂಟೆ ಬಡಿದುಕೊಳ್ಳುತ್ತದೆ ಎಂದು ಸುಶೀಲಾ ಬ್ಯಾಟರಿಯ ಮೇಣದಬತ್ತಿ ಕೊಟ್ಟಳು. ಯಾಯಾ ಅದರ ಗುಂಡಿ ಒತ್ತಿ, ಪಟಕ್ಕೆ ಗ್ರೀಕಿನಲ್ಲಿ ಏನೋ ಹೇಳಿದರು. ಅದು ಕ್ಷಮೆಯಾಚನೆ ಎಂದು ತಿಳಿಯಲು ಭಾಷೆ ಬೇಕಾಗಿರಲಿಲ್ಲ.

ಶನಿವಾರ ಬೆಳಿಗ್ಗೆ ಸ್ಮಶಾನದಲ್ಲಿ ಮಂಜು ಕವಿದಿತ್ತು. ಓಕ್ ಮರಗಳ ಕೊಂಬೆ ನೆಲದವರೆಗೆ ಬಾಗಿ ಮತ್ತೆ ಮೇಲೆದ್ದಿದ್ದವು. ದೂರದಲ್ಲಿ ತೈಲ ಕಾರ್ಖಾನೆಯ ಕೊಳವೆಯೊಂದರ ತುದಿಯಲ್ಲಿ ಬೆಂಕಿ ಶಬ್ದವಿಲ್ಲದೆ ಉರಿಯುತ್ತಿತ್ತು. ಒಂದೇ ಸಾಲಿನಲ್ಲಿ ಮೂರು ಕಲ್ಲು: ಥನಾಸಿಸ್, ಮಗಳು ಎಲೆನಿ, ಅಳಿಯ. ಗಡ್ಡ ಬಿಟ್ಟ ತರುಣ ಪಾದ್ರಿ ಲೋಬಾನದ ಹೊಗೆ ಆಡಿಸುತ್ತ, ಯಾಯಾ ಚೀಟಿಯಲ್ಲಿ ಬರೆದುಕೊಟ್ಟ ಹೆಸರುಗಳನ್ನು ರಾಗವಾಗಿ ಓದಿದ. ಥನಾಸಿಸ್ ಎಂದಾಗ ಯಾಯಾ ತುಟಿಯೂ ಜೊತೆಗೆ ಆಡಿತು. ಎಲೆನಿ ಎಂದಾಗ ಅವರು ಬಗ್ಗಿ ಪರಾತವನ್ನು ಸರಿಯಾಗಿಟ್ಟರು. ಪರಾತ ಮೊದಲೇ ಸರಿಯಾಗಿತ್ತು. ಹಿಂದಿನ ದಿನ ಅಷ್ಟು ಕತೆ ಹೇಳಿದವರು ಆ ಹೆಸರನ್ನು ಒಮ್ಮೆಯೂ ಹೇಳಿರಲಿಲ್ಲ, ಬರೀ 'ಮಗಳು' ಎಂದಿದ್ದರು ಎಂಬುದು ನನಗೆ ಆಗ ಹೊಳೆಯಿತು.

ಪ್ರಾರ್ಥನೆ ಮುಗಿದು ಕೋಲಿವಾ ಹಂಚಿದ್ದಾಯಿತು. ಬೆಲ್ಲ ಮರೆತ ಹುಗ್ಗಿಯ ರುಚಿ. ಆದರೆ ದಾಳಿಂಬೆ ಅದನ್ನು ಕಾಪಾಡಿತು. ಸುಶೀಲಾ ಖಾಲಿ ಪರಾತ ತೆಗೆದುಕೊಂಡು ಕಾರು ತರಲು ಹೋದಳು. ಯಾಯಾ ಮತ್ತು ನಾನು ಕಲ್ಲುಬೆಂಚಿನ ಮೇಲೆ ಉಳಿದೆವು.

"ನಿನ್ನಿ ಕೇಳಿದ್ರಲ್ಲ, ಅರ್ಥ," ಎಂದರು ಯಾಯಾ.

"ಬಿಡ್ರಿ ಯಾಯಾ, ತಪ್ಪಾತು."

"ಸ್ತಾಮಾತಾ ಅಂದ್ರ ನಿಲ್ಸು. ಸಾಕು ಮಾಡು. ನಾ ಐದನೇ ಹೆಣ್ಣು. ಸೂಲಗಿತ್ತಿ ಹೊರಗ ಬಂದು, ಮತ್ತ ಹೆಣ್ಣು ಅಂದ್ಲಂತ. ನಮ್ಮಪ್ಪ ಆಡು ಹೊಡಕೊಂಡು ಗುಡ್ಡಕ್ಕ ಹ್ವಾದಾಂವ ಮೂರು ದಿನ ಮನಿಗೆ ಬರ್ಲಿಲ್ಲ. ಬಂದು ಈ ಹೆಸರು ಇಟ್ಟ. ದೇವ್ರಿಗೆ ಕೇಳ್ಸಲಿ ಅಂತ."

"ಕೇಳ್ಸಿತೇನ್ರಿ?"

"ಕೇಳ್ಸಿತು! ನನ್ನ ಬೆನ್ನಿಗೆ ಗಂಡು. ಹೆಸರು ಕೆಲಸಾ ಮಾಡ್ತು ಅಂತ ಊರೆಲ್ಲಾ ಸುದ್ದಿ. ಯಾರರ ಮನ್ಯಾಗ ಬರೇ ಹೆಣ್ಣು ಹುಟ್ಟಿದ್ರ ನನ್ನ ಕರಕೊಂಡು ಹೋಗಿ ತೊಟ್ಟಿಲ ಮುಂದ ನಿಲ್ಲಸ್ತಿದ್ರು."

ನಾನು ಅವರ ಕಡೆಗೆ ತಿರುಗಿ ಕೂತೆ. "ಯಾಯಾ, ನಮ್ಮ ಅತ್ತಿ ಹೆಸರೂ ಅದ ರಿ. ಸಾಕವ್ವ. ಆಕಿ ನಾಕನೇ ಹೆಣ್ಣು. ಸಾಕು ಅಂತನ ಇಟ್ಟಿದ್ರು."

ಯಾಯಾ ಮೊದಲ ಬಾರಿಗೆ ನನ್ನನ್ನು ಪರಾತ ಇಡುವ ಮೇಜಿನಂತೆ ನೋಡದೆ ಮನುಷ್ಯನಂತೆ ನೋಡಿದರು. "ಗ್ರೀಸಿನ್ಯಾಗ?"

"ಅಲ್ರಿ, ಗದಗಿನ್ಯಾಗ."

"ಆಕಿ ಬೆನ್ನಿಗೆ?"

"ನಮ್ಮಪ್ಪ ಹುಟ್ಟಿದ್ರಿ."

"ಹಂಗಾದ್ರ ಆ ಹೆಸರಿನಿಂದನ ನೀವು ಇಲ್ಲಿ ಕುಂತೀರಿ." ನನ್ನ ಕಡೆ ಬಾಗಿ ಕೇಳಿದರು. "ಆಕಿ ಏನಂತಿದ್ಲು, ಅದರ ಬಗ್ಗೆ?"

"ಯಾರೂ ಕೇಳ್ಲಿಲ್ರಿ."

"ನೀವು?"

"ನಾನೂ."

ಅತ್ತೆ ಸಾಕವ್ವ ಮೆಣಸಿನಕಾಯಿ ಕುಟ್ಟುತ್ತ, ಕೂಗಿದವರಿಗೆಲ್ಲ ಓಗೊಡುತ್ತ ಎಪ್ಪತ್ತೆಂಟು ವರ್ಷ ಬದುಕಿದಳು. ದಿನಕ್ಕೆ ನೂರು ಸಲ ಅವಳನ್ನು 'ಸಾಕೂ, ಸಾಕೂ' ಎಂದು ಕರೆದವರಲ್ಲಿ ನಾನೂ ಒಬ್ಬ. ಟೆಕ್ಸಾಸಿನ ಮಂಜಿನಲ್ಲಿ ಕೂತು ಅದನ್ನು ಮೊದಲ ಬಾರಿಗೆ ಅವಳ ಕಿವಿಯಿಂದ ಕೇಳಿದೆ.

"ನಾಳೆ ಆ ಕೂಸನ್ನ ಹಂಗ ಕರೀತಾರ," ಎಂದರು ಯಾಯಾ. "ಏಳು ತಿಂಗಳ ಆತು ಬಂದು. ಬಂದಕೂಡ್ಲೇ ಸಾಕು ಅನ್ಸಕೋಬೇಕೇನು? ಆದ್ರ ನಿಕೋಗ ಹೇಳಾಕ ನನ್ನ ಬಾಯಿ ಬರವಲ್ದು. ತಾಯಿಲ್ಲದ ಹುಡುಗ ಅಂವ. ಅವನ್ನ ಬೆಳ್ಸಿದಾಕಿನೂ ಯಾರಿಗೂ ಬ್ಯಾಡಾದಾಕಿ ಅಂತ ನಾನ ಹೆಂಗ ಹೇಳ್ಲಿ?"

"ನಾ ಹೇಳ್ಲೇನ್ರಿ ಅವಗ?"

ಯಾಯಾ ಕಣ್ಣು ಮುಚ್ಚಿದರು. ನನ್ನ ಕೈಮೇಲೆ ಎರಡು ಸಲ ತಟ್ಟಿದರು. "ನೇ," ಎಂದರು. "ನೇ, ನೇ."

ಬೇಡ. ಬೇಡ, ಬೇಡ. ನಾನು ಎದೆಯ ಮೇಲೆ ಕೈಯಿಟ್ಟು, ಈ ಗುಟ್ಟು ನನ್ನೊಂದಿಗೇ ಮಣ್ಣಾಗುತ್ತದೆ ಎಂಬ ಅರ್ಥ ಬರುವಂತೆ ತಲೆಯಾಡಿಸಿದೆ. ಅವರು ಹೊರೆ ಇಳಿದವರಂತೆ ಉಸಿರು ಬಿಟ್ಟರು. ಇಬ್ಬರಿಗೂ ಸಮಾಧಾನವಾಯಿತು, ಬೇರೆ ಬೇರೆ ಕಾರಣಕ್ಕೆ.

ಆಸ್ಟಿನ್ ನೂರ ಅರವತ್ತು ಮೈಲಿ. ಮೂರು ತಾಸಿನ ದಾರಿ. ಮಂಜು ಕರಗಿ ಬಿಸಿಲು ಬಿತ್ತು. ನೆಲ ನಿಧಾನವಾಗಿ ಅಲೆಯೇಳತೊಡಗಿತು. ಕಾರು ಅದರ ಮೇಲೆ ದೋಣಿಯಂತೆ ಏರಿ ಇಳಿಯಿತು. ಪರಾತವಿಲ್ಲದ ತೊಡೆಗಳು ಎಷ್ಟು ಹಗುರವೆಂದರೆ ಅವು ನನ್ನವೇ ಎಂದು ಆಗಾಗ ಮುಟ್ಟಿ ನೋಡಬೇಕಾಯಿತು. ಯಾಯಾ ಚರ್ಚಿನ ಹಾಡೊಂದನ್ನು ಗುನುಗಿದರು. ಒಂದು ಕಡೆ ಕಾರು ನಿಲ್ಲಿಸಿ ಮರಿಯ ಮಾತೆಯ ಪಟಕ್ಕೆಂದು ನೀಲಿ ಹೂವು ಕಿತ್ತರು.

"ಇಷ್ಟು ಖುಷಿ ಯಾಕಂತ ಯಾಯಾಗ?" ಎಂದು ಸುಶೀಲಾ ಕನ್ನಡದಲ್ಲಿ ಕೇಳಿದಳು.

"ಮನಸ್ಸು ಹಗುರ ಆಗೇತಿ. ನನ್ನ ಕೂಡ ಒಂದು ಮಾತು ಹಂಚ್ಕೊಂಡಾರ."

"ಏನದು?"

"ಹೇಳಾಂಗಿಲ್ಲ."

"ದೊಡ್ಡ ಮಂತ್ರಿ ಆಗಿ ಬಿಡು," ಎಂದಳು.

ನಿಕೋ ಬಾಗಿಲಲ್ಲೇ ನಿಂತಿದ್ದ; ಆರಡಿಯ ಮನುಷ್ಯ. ಅಜ್ಜಿಯನ್ನು ಅಪ್ಪಿಕೊಳ್ಳಲು ಅವನು ಎರಡಾಗಿ ಮಡಿಚಿಕೊಳ್ಳಬೇಕಾಯಿತು. ಅವನ ಹೆಂಡತಿ ಮೇಗನ್ ಟೆಕ್ಸಾಸಿನವಳೇ. ಮಗು ನಮ್ಮನ್ನೆಲ್ಲ ನೋಡಿ ಹಲ್ಲಿಲ್ಲದ ಬಾಯಿ ತೆರೆಯಿತು. ಯಾಯಾ ಅದರ ಮುಖದ ಮುಂದೆ "ಫ್ತು, ಫ್ತು, ಫ್ತು" ಎಂದು ಉಗುಳಿದಂತೆ ಮಾಡಿದರು. ದೃಷ್ಟಿ ತೆಗೆಯುವ ವಿಧಾನದಲ್ಲಿ ಗ್ರೀಸಿಗೂ ಗದಗಿಗೂ ಹೆಚ್ಚು ಭೇದವಿಲ್ಲ.

ಸಂಜೆ ಸುಶೀಲಾ ಅಡುಗೆಮನೆಯ ಮೇಜಿನ ಮೇಲೆ ಕೇಕು ಬಿಚ್ಚಿ, ಗುಲಾಬಿ ಬಣ್ಣದ ಕೆನೆಯಲ್ಲಿ ಹೆಸರು ಬರೆಯತೊಡಗಿದಳು. ಪಡುವಣ ಕಿಟಕಿಯಿಂದ ಬಂದ ಬಿಸಿಲಿನಲ್ಲಿ ಸ್ತಮಾತಿಯಾ ಒಂದೊಂದೇ ಅಕ್ಷರವಾಗಿ ಮೂಡಿತು. ಯಾಯಾ ಎದುರಿಗೆ ಕೂತು ನೋಡಿದರು. ಆಮೇಲೆ ನನ್ನನ್ನು ನೋಡಿ, ನಿಕೋನ ಕಡೆಗೆ ಗದ್ದ ತೋರಿಸಿ, ಹುಬ್ಬು ಏರಿಸಿದರು. ಯಾರಿಗೂ ಹೇಳಿಲ್ಲ, ನಿಶ್ಚಿಂತೆಯಿಂದಿರಿ ಎಂದು ನಾನು ತುಟಿಯ ಮೇಲೆ ಬೆರಳಿಟ್ಟೆ. ಅವರ ಹುಬ್ಬು ಇನ್ನೂ ಮೇಲೇರಿತು. ನಾನು ಬೆರಳನ್ನು ಇನ್ನೂ ಬಿಗಿಯಾಗಿ ಒತ್ತಿದೆ.

ಹೊತ್ತು ಮುಳುಗುವಾಗ ನಿಕೋ ನಮ್ಮನ್ನೆಲ್ಲ ನದಿಯ ಸೇತುವೆಗೆ ಕರೆದೊಯ್ದ. ಅಲ್ಲಿ ಸೇತುವೆಯ ಅಡಿಯಿಂದ ಬಾವಲಿಗಳು ಹೊರಡುತ್ತವೆ. ನೋಡಲು ಊರೇ ನೆರೆಯುತ್ತದೆ. ಮೊದಲು ಒಂದೆರಡು, ಆಮೇಲೆ ಕಪ್ಪು ಹೊಗೆಯ ನದಿಯೊಂದು ಕೆಳಗಿನ ನೀರಿನ ನದಿಗೆ ಸಮಾನಾಂತರವಾಗಿ ಹರಿಯತೊಡಗಿತು. ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ಯಾಯಾ ಮಗುವನ್ನು ಶಾಲಿನೊಳಗೆ ಮುಚ್ಚಿ ಹಿಡಿದಿದ್ದರು. ಆ ಮಬ್ಬಿನಲ್ಲೂ ಅವರು ನನ್ನತ್ತ ನೋಡಿದ್ದು ಗೊತ್ತಾಯಿತು. ನಾನು ಕಣ್ಣು ಮುಚ್ಚಿ ಅಭಯ ನೀಡಿದೆ. ಅವರು ಮುಖ ತಿರುಗಿಸಿಕೊಂಡರು.

ಭಾನುವಾರ ಬೆಳಿಗ್ಗೆ ಏಳೂವರೆ. ದೀಕ್ಷಾಸ್ನಾನ ಮಧ್ಯಾಹ್ನ ಒಂದಕ್ಕೆ. ಅದಕ್ಕೂ ಮೊದಲು ಚರ್ಚಿನಲ್ಲಿ ಉದ್ದನೆಯ ಪೂಜೆ. ಯಾಯಾ ಅಡುಗೆಮನೆಯಲ್ಲಿ ಶಾಲು ಹೊದ್ದು ಕೂತಿದ್ದರು. ತೆರೆದ ಕಿಟಕಿಯಿಂದ ತಣ್ಣನೆ ಗಾಳಿ ಬರುತ್ತಿತ್ತು.

"ಕಿಟಕಿ ಮುಚ್ಚಲಾ, ಯಾಯಾ?" ಎಂದಳು ಮೇಗನ್.

"ನೇ."

ಮೇಗನ್ ಹೋಗಿ ಕಿಟಕಿ ಮುಚ್ಚಿದಳು. ಯಾಯಾ ಅಂಗಳಕ್ಕೆ ಎದ್ದು ಹೋದರು. ಹಿರಿಯರು ಬೇಡವೆಂದದ್ದನ್ನು ಮಾಡುವ ಸೊಸೆ ಎಂದು ನನಗೆ ಕಸಿವಿಸಿಯಾಯಿತು. "ಬೇಡ ಅಂದರಲ್ಲ?" ಎಂದೆ ನಿಕೋಗೆ ಮೆಲ್ಲಗೆ.

"ಇಲ್ಲ ಅಂಕಲ್, ನೇ ಅಂದ್ರೆ ಯೆಸ್. ನೋ ಅನ್ನೋಕೆ ಓಹಿ ಅಂತೀವಿ. ಎಲ್ಲರೂ ಕನ್ಫ್ಯೂಸ್ ಆಗ್ತಾರೆ."

ಕೊರ್ಸಿಕಾನಾದವರೆಗಿನ ಚಳಿ ಮೊದಲು ನೆನಪಾಯಿತು. ಆಮೇಲೆ ಕಲ್ಲುಬೆಂಚು. ಹಸಿರು ಸಿಗ್ನಲನ್ನು ಕೆಂಪೆಂದು ಓದಿ, ಇಪ್ಪತ್ತೊಂದು ತಾಸು ಗಾಡಿ ನಿಲ್ಲಿಸಿದ್ದೆ. ಅದೂ ತುಟಿಯ ಮೇಲೆ ಬೆರಳಿಟ್ಟುಕೊಂಡು. ರೈಲ್ವೆಯಲ್ಲಾಗಿದ್ದರೆ ವಿಚಾರಣೆಯಿಲ್ಲದೆ ಮನೆಗೆ ಕಳಿಸುತ್ತಿದ್ದರು.

"ನಿಕೋ, ಕೂತ್ಕೋ," ಎಂದೆ. ಎಲ್ಲವನ್ನೂ ಹೇಳಿದೆ. ಐದನೆಯ ಹೆಣ್ಣು, ಮೂರು ದಿನ ಗುಡ್ಡದಲ್ಲಿ ಉಳಿದ ತಂದೆ, ತೊಟ್ಟಿಲ ಮುಂದೆ ನಿಲ್ಲಿಸಿದ ಹುಡುಗಿ. ಅವನ ಕೈಯಲ್ಲಿ ಬಿಳಿ ರಿಬ್ಬನ್ನಿನ ಒಂದು ಮಿಠಾಯಿ ಪೊಟ್ಟಣವಿತ್ತು, ಅದರ ಚೀಟಿಯ ಮೇಲೆ ಸ್ತಮಾತಿಯಾ ಎಂದು ಅಚ್ಚಾಗಿತ್ತು. ಅದನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟು ಎದ್ದ. ನಾನೂ ಹಿಂದೆ ಹೋದೆ, ತಪ್ಪೊಪ್ಪಿಗೆ ಬಾಕಿಯಿತ್ತು.

"ಯಾಯಾ, ನನಗೆ ಯಾಕೆ ಹೇಳಲಿಲ್ಲ?"

"ಮಿಸ್ಟರ್ ರೈಲ್ವೇ ಕೈಯಾಗ ಹೇಳಿ ಕಳ್ಸಿದ್ದೆ," ಎಂದರು ಯಾಯಾ, ನನ್ನ ಕಡೆ ನೋಡದೆ. "ಗಾಡಿ ತಡಾ ಬಂತು."

ನಾನು ನನ್ನ ಹಿಂದಿಯ ಪಾಂಡಿತ್ಯವನ್ನು ನಿವೇದಿಸಿಕೊಂಡೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು, ಆದರೆ ತಪ್ಪು ಮಾಡಿದವನಿಗೆ ಮಾತು ಹೆಚ್ಚು. "ಯಾಯಾ, ನಮ್ಮ ಭಾಷಾದಾಗ ಸಾಕು ಅನ್ನೋದಕ್ಕ ಇನ್ನೊಂದು ಅರ್ಥ ಐತ್ರಿ. ಸಾಕೋದು ಅಂದ್ರ ಬೆಳ್ಸೋದು. ಸಾಕವ್ವ ಅಂದ್ರ ಸಾಕಿ ಬೆಳ್ಸಿದಾಕಿ. ನಿಮಗ ಅದು ಬರೋಬ್ಬರಿ ಹೊಂದತೈತಿ."

ಯಾಯಾ ಗಂಭೀರವಾಗಿ ಆಲೋಚಿಸಿದರು. "ಭಾಷಾ ಚಲೋ ಐತಿ ನಿಮ್ದು. ಆದ್ರ ನಮ್ಮ ಪಾದ್ರಿಗೆ ಬರೂದಿಲ್ಲ."

ನಿಕೋ ಹುಲ್ಲಿನ ಮೇಲೆ ಮಂಡಿಯೂರಿದ. ಈಗ ಇಬ್ಬರ ಮುಖ ಒಂದೇ ಎತ್ತರಕ್ಕೆ ಬಂತು. "ಅಮ್ಮನ ಹೆಸರು ಇಡಬೇಕು ಅಂತಾನೇ ಮೊದಲು ಇತ್ತು. ನೀವು ಆ ಹೆಸರು ಒಂದು ದಿನಾನೂ ಹೇಳಿದ್ದು ನಾನು ಕೇಳಿಲ್ಲ. ನಿಮಗೆ ನೋವಾಗುತ್ತೆ ಅಂತ ಬಿಟ್ಟೆ."

"ನಿನಗ ನೋವಾಗ್ತೈತಿ ಅಂತ ನಾ ಹೇಳ್ತಿರಲಿಲ್ಲೋ, ಹುಚ್ಚಾ."

ಮೂವತ್ತು ವರ್ಷ ಎರಡು ಜೀವ ಒಂದು ಹೆಸರನ್ನು ಪರಸ್ಪರರಿಂದ ಬಚ್ಚಿಟ್ಟಿದ್ದವು. ನೀರಿನ ಕಾರಂಜಿಯೊಂದು ಪಕ್ಕದ ಅಂಗಳದಲ್ಲಿ ಹುಲ್ಲಿನ ಮೇಲೆ ಟಿಕ್ ಟಿಕ್ ಎಂದು ತಿರುಗುತ್ತಿತ್ತು. ಬೆಳಗಿನ ಬೆಳಕಿನಲ್ಲಿ ಅದರ ಹನಿಗಳು ಬೀಳುವುದನ್ನೇ ಮರೆತಂತೆ ತೇಲುತ್ತಿದ್ದವು.

"ಹಾಗಾದ್ರೆ ಏನಂತ ಇಡೋಣ?" ಎಂದ ನಿಕೋ.

ಯಾಯಾ ಅವನ ಅಂಗಿಯ ಕಾಲರನ್ನು ಸರಿಮಾಡಿದರು. "ಎಲೆನಿ," ಎಂದರು, ಯಾರದೋ ನಿದ್ದೆ ಕೆಡಿಸಬಾರದು ಎಂಬಂತೆ.

ಆಮೇಲಿನದು ಕಾರ್ಯಾಗಾರ. ಸುಶೀಲಾಳಿಗೆ ಸುದ್ದಿ ಮುಟ್ಟಿದಾಗ ಅವಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು.

"ಅಣ್ಣಾ, ಒಂದ ಒಂದು ಶಬ್ದ! ನನ್ನ ಕೇಳಾಕ ಏನಾಗಿತ್ತು ನಿನಗ? ಆರು ವರ್ಷಾತು ನಾ ಅವರ ಬಾಜೂಕ ಇರಾಕತ್ತು."

"ಗುಟ್ಟು ಅಂದಿದ್ರಲ್ಲ."

"ಅವರು ಅಂದಿಲ್ಲ, ನೀ ಅಂದ್ಕೊಂಡಿ. ಹೋಗು, ಕತ್ರಿ ತಗೋ."

ಅವಳು ಬಿಸಿನೀರಿನಲ್ಲಿ ಅದ್ದಿದ ಚಾಕುವಿನಿಂದ ಕೇಕಿನ ಮೇಲಿನ ಗುಲಾಬಿ ಅಕ್ಷರಗಳನ್ನು ಕೆರೆದು ನುಣುಪು ಮಾಡಿ ಹೊಸದಾಗಿ ಬರೆದಳು. ಮೇಗನ್ ಮತ್ತು ನಾನು ಮಿಠಾಯಿ ಪೊಟ್ಟಣಗಳ ಚೀಟಿ ಕತ್ತರಿಸಿದೆವು. ಚೀಟಿಯಿಲ್ಲದ ಪೊಟ್ಟಣಗಳು ಬೋಳಾಗಿ ಕಂಡವು. ಮೇಗನ್ ಪ್ರತಿಯೊಂದಕ್ಕೂ ಪೆನ್ನಿನಿಂದ ಹೊಸ ಹೆಸರಿನ ಐದು ಇಂಗ್ಲಿಷ್ ಅಕ್ಷರ ಬರೆಯುತ್ತ ಹೋದಳು.

ಚರ್ಚಿನೊಳಗೆ ಗುಮ್ಮಟದ ಕಿಟಕಿಗಳಿಂದ ಬಿಸಿಲು ಕೋಲುಕೋಲಾಗಿ ಇಳಿದು ಲೋಬಾನದ ಹೊಗೆಯಲ್ಲಿ ನಿಂತುಕೊಂಡಿತ್ತು. ಗೋಡೆಯ ಸಂತರು ಅಗಲವಾದ ಕಣ್ಣು ಬಿಟ್ಟು, ತಡವಾಗಿ ಬಂದ ಹಿಂದೂ ಒಬ್ಬನನ್ನು ವಿಶೇಷವಾಗಿ ಗಮನಿಸುತ್ತಿರುವಂತೆ ಕಂಡರು. ಮಗುವಿನ ಧರ್ಮತಾಯಿ ನಿಕೋನ ಸಂಬಂಧಿ ಸೋಫಿಯಾ. ಮಗುವನ್ನು ಎತ್ತಿಕೊಂಡು ಪಾದ್ರಿಗೆ ಹೆಸರು ಹೇಳುವವಳು ಅವಳೇ. ಬದಲಾದ ಹೆಸರು ಅವಳ ಕಿವಿಗೆ ಬಿದ್ದು ಹತ್ತು ನಿಮಿಷವಾಗಿತ್ತು ಅಷ್ಟೆ. ಪಾದ್ರಿ ಕೇಳಿದ. ಸೋಫಿಯಾ ಒಮ್ಮೆ ಯಾಯಾ ಕಡೆ ನೋಡಿದಳು. ಯಾಯಾ ತಲೆ ಬಾಗಿಸಿ, "ನೇ," ಎಂದರು. ಅರ್ಥ ಈ ಸಲ ನನಗೂ ಗೊತ್ತಿತ್ತು.

"ಎಲೆನಿ," ಎಂದಳು ಸೋಫಿಯಾ, ಹಿಂದಿನ ಸಾಲಿಗೂ ಕೇಳುವಂತೆ.

ಮೈತುಂಬ ಎಣ್ಣೆ ಹಚ್ಚಿದ ಮಗುವನ್ನು ದೊಡ್ಡ ಹಂಡೆಯಂಥ ಪಾತ್ರೆಯಲ್ಲಿ ಮೂರು ಸಲ ಮುಳುಗಿಸಿ ಎತ್ತಿದರು. ಅದು ಮೂರೂ ಸಲ ತನ್ನ ಆಕ್ಷೇಪಣೆಯನ್ನು ಗುಮ್ಮಟಕ್ಕೆ ಮುಟ್ಟಿಸಿತು. ಯಾಯಾ ಮಾತ್ರ ಅಳಲಿಲ್ಲ. ಬಿಳಿ ಟವೆಲಿನಲ್ಲಿ ಸುತ್ತಿದ ಮಗು ಕೈಗೆ ಬಂದೊಡನೆ ಅದರ ಒದ್ದೆ ಕಿವಿಯಲ್ಲಿ ಏನೋ ಹೇಳಿದರು. ನಮ್ಮಲ್ಲೂ ಹೆಸರನ್ನು ಮೊದಲು ಕಿವಿಯಲ್ಲೇ ಹೇಳುತ್ತಾರೆ ಎಂದು ಹೇಳಲು ನನ್ನ ನಾಲಿಗೆ ತುರಿಸಿತು. ಸುಶೀಲಾ ನನ್ನ ತೋಳು ಹಿಡಿದಳು.

ಸೋಮವಾರ ಒಂಬತ್ತೂವರೆಗೆ ಹೊರಟೆವು. ಉತ್ತರಕ್ಕೆ ನೇರ ಹೆದ್ದಾರಿ, ಸುಮಾರು ಇನ್ನೂರು ಮೈಲಿ; ಲಾರಿಗಳು ಹೆಚ್ಚು, ಹೂವು ಕಡಿಮೆ. ಟೆಂಪಲ್ ಎಂಬ ಊರು ಬಂತು, ದೇವಸ್ಥಾನವೇನೂ ಕಾಣಲಿಲ್ಲ. ಎ.ಸಿ.ಯನ್ನು ಯಾರೂ ಕೇಳದೆ ನಾನೇ ಕಡಿಮೆ ಮಾಡಿಸಿದೆ. ವಾಕೋದಲ್ಲಿ ಊಟ. ಅಲ್ಲಿಂದ ಮುಂದೆ ಯಾಯಾ ಫೋನನ್ನು ಸ್ಪೀಕರಿಗೆ ಹಾಕಿ ಮೇಗನ್ ಜೊತೆ ಮಾತಿಗೆ ಕೂತರು. ಎಲೆನಿ ಉಂಡಳೇ? ಎಲೆನಿ ಮಲಗಿದ್ದಾಳೆಯೇ? ಎಲೆನಿಯ ಕೂದಲಲ್ಲಿ ಇನ್ನೂ ಎಣ್ಣೆಯಿದೆಯೇ? ಫೋನು ಇಟ್ಟ ಮೇಲೂ ಮಾತು ನಿಲ್ಲಲಿಲ್ಲ. ಅದು ಈಗ ಮೊದಲಿನ ಎಲೆನಿಯ ಬಗ್ಗೆ: ಹೋಟೆಲಿನ ಕೌಂಟರಿನ ಕೆಳಗೆ ಕೂತು ಮನೆಪಾಠ ಬರೆಯುತ್ತಿದ್ದದ್ದು, ತಂದೆಯ ಬೋಳುತಲೆಗೆ ರಿಬ್ಬನ್ ಕಟ್ಟಲು ಹೋದದ್ದು, ಕಾರು ಕಲಿಯುವಾಗ ಅಂಚೆ ಪೆಟ್ಟಿಗೆಗೆ ಗುದ್ದಿದ್ದು. ಎರಡು ಎಲೆನಿಯರಲ್ಲಿ ಯಾವುದು ಯಾವುದು ಎಂದು ನಿದ್ದೆಗಣ್ಣಿನಲ್ಲಿ ನನಗೆ ಒಮ್ಮೊಮ್ಮೆ ತಪ್ಪುತ್ತಿತ್ತು. ಕೇಳಲು ಹೋಗಲಿಲ್ಲ. ಸುಶೀಲಾ ರೇಡಿಯೋ ಹಾಕಲಿಲ್ಲ.

ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ರಿಚರ್ಡ್‌ಸನ್ ತಲುಪಿದೆವು. ವಾಕೋದಿಂದ ಮನೆಯ ಬಾಗಿಲಿನವರೆಗೆ ಯಾಯಾ ಆ ಹೆಸರನ್ನು ನಲವತ್ತೊಂದು ಸಲ ಹೇಳಿದರು.